ನಂಬುವುದು ಯಾರನ್ನು? ಕ್ರೈಸ್ತ ಬದುಕಿನಲ್ಲಿ ನಂಬಿಕೆ

ಕ್ರೈಸ್ತ ಸಭೆಯಲ್ಲಿ ಸದಸ್ಯರನ್ನು ‘ವಿಶ್ವಾಸಿಗಳು’ ಎಂದು ಕರೆಯುವುದು ರೂಢಿ. ಪಾದ್ರಿಗಳ ಪ್ರಸಂಗದಲ್ಲೂ ಸಭೆಯ ಪ್ರಕಟಣೆಗಳಲ್ಲೂ ಇದೇ ಹೆಸರು ಕೇಳಿಬರುತ್ತದೆ. ಒಂದು ಧರ್ಮದ ಜನ ಕುಲದಿಂದ ಅಥವಾ ಆಚಾರದಿಂದ ಗುರುತಿಸಿಕೊಳ್ಳದೆ ನಂಬಿಕೆಯಿಂದಲೇ ಗುರುತಿಸಿಕೊಂಡರೆ, ಆ ನಂಬಿಕೆ ಎಂದರೇನು ಎಂಬುದು ಅವರೊಳಗಿನ ದೊಡ್ಡ ಪ್ರಶ್ನೆಯಾಗುವುದು ಸಹಜ. ಹದಿನಾರನೆಯ ಶತಮಾನದಲ್ಲಿ ಪಶ್ಚಿಮದ ಸಭೆ ಒಡೆದಾಗ ವಾದದ ನಡುವೆ ಇದ್ದದ್ದೂ ಇದೇ ಪ್ರಶ್ನೆ.

ದೇವರು ಇದ್ದಾನೆಂದು ಒಪ್ಪುವುದೇ ನಂಬಿಕೆ ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಬೈಬಲ್ಲಿನಲ್ಲಿ ಆ ಬಗೆಯ ನಂಬಿಕೆಗೆ ಅಂಥ ಬೆಲೆಯೇನೂ ಇಲ್ಲ. ದೇವರು ಒಬ್ಬನೇ ಎಂಬುದನ್ನು ದೆವ್ವಗಳೂ ಬಲ್ಲವು, ಬಲ್ಲುದರಿಂದಲೇ ನಡುಗುತ್ತವೆ ಎಂದು ಯಾಕೋಬನ ಪತ್ರಿಕೆ ಸ್ವಲ್ಪ ವ್ಯಂಗ್ಯವಾಗಿಯೇ ಹೇಳುತ್ತದೆ. ಬೈಬಲ್ಲು ಮುಖ್ಯವಾಗಿ ಕಾಣುವ ನಂಬಿಕೆ ಮಾತು ಕೊಟ್ಟವನ ಮೇಲಿನ ಭರವಸೆ. ಮಾತು ಕೊಟ್ಟವನು ದೇವರು; ಆ ಮಾತನ್ನು ಅವನು ಯೇಸುವಿನ ಮರಣ ಮತ್ತು ಪುನರುತ್ಥಾನದಲ್ಲಿ ಉಳಿಸಿಕೊಂಡ ಎಂಬುದು ಕ್ರೈಸ್ತರ ನಿಲುವು. ಹೀಗಾಗಿ ‘ಏನನ್ನು ನಂಬುತ್ತೀರಿ’ ಎಂಬುದಕ್ಕಿಂತ ಮೊದಲು ‘ಯಾರನ್ನು ನಂಬುತ್ತೀರಿ’ ಎಂಬ ಪ್ರಶ್ನೆ ಬರುತ್ತದೆ. ಎರಡನೆಯದನ್ನು ಮರೆತು ಮೊದಲನೆಯದನ್ನೇ ಹಿಡಿದುಕೊಂಡಾಗಲೆಲ್ಲ ಸಭೆಯೊಳಗೆ ಯಾರೋ ಒಬ್ಬರು ಎದ್ದು ನಿಂತು ತಕರಾರು ತೆಗೆದದ್ದೇ ಈ ವಿಷಯದ ಚರಿತ್ರೆ ಎನ್ನಬಹುದು.

ಈ ನಂಬಿಕೆಗೆ ಮೂಲಪುರುಷ ಅಬ್ರಹಾಮ. ಆದಿಕಾಂಡದ ಹನ್ನೆರಡನೆಯ ಅಧ್ಯಾಯದಲ್ಲಿ ಅವನು ಹಾರಾನಿನಿಂದ ಹೊರಡುವಾಗ ಅವನಿಗೆ 75 ವರ್ಷ. ನೆಲ, ನೆಂಟರು, ತಂದೆಯ ಮನೆ ಮೂರನ್ನೂ ಬಿಟ್ಟು, ಹೋಗಬೇಕಾದ ಸೀಮೆ ಯಾವುದೆಂದು ತಿಳಿಯದೆ ಹೊರಡುತ್ತಾನೆ. ಹದಿನೈದನೆಯ ಅಧ್ಯಾಯದಲ್ಲಿ ಮಕ್ಕಳಿಲ್ಲದ ಆ ಮುದುಕನನ್ನು ದೇವರು ರಾತ್ರಿ ಡೇರೆಯಿಂದ ಹೊರಗೆ ಕರೆತಂದು, ನಕ್ಷತ್ರಗಳನ್ನು ಎಣಿಸಲು ಹೇಳಿ, ಸಂತಾನ ಅಷ್ಟಾಗುವುದೆಂದು ಮಾತು ಕೊಡುತ್ತಾನೆ. ಅಬ್ರಹಾಮ ನಂಬುತ್ತಾನೆ, ಆ ನಂಬಿಕೆಯನ್ನೇ ದೇವರು ಅವನ ಲೆಕ್ಕಕ್ಕೆ ನೀತಿಯೆಂದು ಹಾಕಿಕೊಳ್ಳುತ್ತಾನೆ. ಇಪ್ಪತ್ತೆರಡನೆಯ ಅಧ್ಯಾಯದಲ್ಲಿ, ಬಹಳ ಕಾಲ ಕಾದು ಪಡೆದ ಮಗ ಇಸಾಕನನ್ನೇ ಬಲಿ ಕೊಡಲು ಮೊರೀಯಾ ಸೀಮೆಯ ಬೆಟ್ಟ ಹತ್ತುತ್ತಾನೆ; ಕೊನೆಯ ಗಳಿಗೆಯಲ್ಲಿ ಅವನ ಕೈ ತಡೆಯಲಾಗುತ್ತದೆ.

ಹೊಸ ಒಡಂಬಡಿಕೆಯ ಇಬ್ಬರು ಲೇಖಕರು ಈ ಕಥೆಯನ್ನು ಎರಡು ಕಡೆಯಿಂದ ಓದಿದ್ದಾರೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಪೌಲ ಕಾಲಕ್ರಮವನ್ನು ಹಿಡಿದು ವಾದಿಸುತ್ತಾನೆ. ಅಬ್ರಹಾಮನಿಗೆ ಸುನ್ನತಿಯಾದದ್ದು ಹದಿನೇಳನೆಯ ಅಧ್ಯಾಯದಲ್ಲಿ, ಅವನ 99ನೆಯ ವಯಸ್ಸಿನಲ್ಲಿ. ನೀತಿವಂತನೆಂದು ಎಣಿಸಲ್ಪಟ್ಟದ್ದು ಅದಕ್ಕೂ ಮೊದಲು, ಹದಿನೈದನೆಯ ಅಧ್ಯಾಯದಲ್ಲಿ. ಅಂದರೆ ಯಾವ ವಿಧಿಯನ್ನೂ ಪೂರೈಸುವ ಮೊದಲೇ ದೇವರು ಅವನನ್ನು ಒಪ್ಪಿಕೊಂಡಿದ್ದ. ಹಾಗಿದ್ದರೆ ಸುನ್ನತಿಯಿಲ್ಲದ ಗ್ರೀಕನೂ ರೋಮನನೂ ಅಬ್ರಹಾಮನ ಮಕ್ಕಳಾಗಬಹುದು. ವಕೀಲನೊಬ್ಬ ದಾಖಲೆಯ ತಾರೀಖು ತೋರಿಸಿ ಮೊಕದ್ದಮೆ ಗೆದ್ದಂತಿದೆ ಈ ವಾದ. ಯಾಕೋಬನ ಪತ್ರಿಕೆ ತೆರೆಯುವುದು ಇಪ್ಪತ್ತೆರಡನೆಯ ಅಧ್ಯಾಯವನ್ನು. ಮಗನನ್ನು ಯಜ್ಞವೇದಿಯ ಮೇಲಿಟ್ಟಾಗಲೇ ಅಬ್ರಹಾಮನ ನಂಬಿಕೆ ಪೂರ್ಣವಾಯಿತು, ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂಬುದು ಅದರ ವಾದ. ಉಡಲು ಬಟ್ಟೆಯಿಲ್ಲದ, ಆ ದಿನದ ಊಟವಿಲ್ಲದ ಸಹೋದರನಿಗೆ ಒಳ್ಳೆಯ ಮಾತಷ್ಟೇ ಹೇಳಿ ಕಳಿಸುವ ವಿಶ್ವಾಸಿಯನ್ನು ಆ ಪತ್ರಿಕೆ ಎದುರಿಗೆ ನಿಲ್ಲಿಸಿ ಕೇಳುತ್ತದೆ: ಇದರಿಂದ ಪ್ರಯೋಜನವೇನು?

ಇಬ್ಬರ ಎದುರಾಳಿಗಳು ಬೇರೆ ಬೇರೆ ಎಂಬುದನ್ನು ಗಮನಿಸಿದರೆ ವಿರೋಧ ಅರ್ಧ ಕಡಿಮೆಯಾಗುತ್ತದೆ. ನಂಬಿಕೆಯ ಜೊತೆಗೆ ಇನ್ನೂ ಒಂದು ಅರ್ಹತೆ ಬೇಕೆನ್ನುವವರಿಗೆ ಪೌಲ ಉತ್ತರ ಕೊಡುತ್ತಿದ್ದಾನೆ. ಬಾಯಿಮಾತಿನ ಒಪ್ಪಿಗೆಯೇ ಸಾಕೆನ್ನುವವರನ್ನು ಯಾಕೋಬ ತಡೆಯುತ್ತಿದ್ದಾನೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನೂ ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆಯನ್ನೇ ಹೊಗಳುತ್ತಾನೆ. ಆದರೂ ವಿರೋಧ ಪೂರ್ತಿ ಕರಗಿತೆಂದು ಹೇಳುವುದು ಅವಸರದ ಮಾತಾದೀತು. ಒಬ್ಬನೇ ಮನುಷ್ಯನ ಬದುಕಿನ ಎರಡು ಅಧ್ಯಾಯಗಳಲ್ಲಿ ಯಾವುದನ್ನು ಮೊದಲು ಓದಬೇಕು ಎಂಬ ಜಗಳ ಮುಂದೆ ಹದಿನೈದು ಶತಮಾನಗಳಾದ ಮೇಲೂ ಎದ್ದಿತು.

ಸುವಾರ್ತೆಗಳಲ್ಲಿ ನಂಬಿಕೆಯ ವ್ಯಾಖ್ಯಾನ ಸಿಗುವುದಿಲ್ಲ, ನಂಬಿದವರು ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಶಾಸ್ತ್ರ ತಿಳಿದವರಲ್ಲ. ಕೆಲವರು ಯೆಹೂದ್ಯರೂ ಅಲ್ಲ. ಆಳಿನ ಕಾಯಿಲೆಗಾಗಿ ಬಂದ ರೋಮನ್ ಶತಾಧಿಪತಿ, ಯೇಸು ತನ್ನ ಮನೆಗೆ ಬರುವುದೂ ಬೇಡ, ಒಂದು ಮಾತು ಹೇಳಿದರೆ ಸಾಕು ಎನ್ನುತ್ತಾನೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿ, ಇದ್ದದ್ದನ್ನೆಲ್ಲ ವೈದ್ಯರಿಗೆ ಸುರಿದ ಹೆಂಗಸು ಗುಂಪಿನ ಹಿಂದಿನಿಂದ ಬಂದು ಬಟ್ಟೆಯನ್ನಷ್ಟೇ ಮುಟ್ಟುತ್ತಾಳೆ. ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದ ಪ್ರಸಂಗ ಇವೆರಡಕ್ಕಿಂತ ವಿಚಿತ್ರ. ಕಪೆರ್ನೌಮಿನ ಮನೆಯೊಂದರ ಬಾಗಿಲ ತನಕ ಜನ ಕಿಕ್ಕಿರಿದಿದ್ದಾರೆ. ಪಾರ್ಶ್ವವಾಯು ಹೊಡೆದವನನ್ನು ಹಾಸಿಗೆ ಸಮೇತ ಹೊತ್ತು ತಂದ ನಾಲ್ವರು ಮಾಳಿಗೆ ಹತ್ತಿ, ಚಾವಣಿಯನ್ನು ಬಗೆದು ತೂತು ಮಾಡಿ, ಅವನನ್ನು ಯೇಸುವಿನ ಮುಂದೆ ಇಳಿಸುತ್ತಾರೆ. ಯೇಸು ಮೆಚ್ಚಿದ್ದು ಮನೆ ಕೆಡವಿದ ‘ಅವರ’ ನಂಬಿಕೆಯನ್ನು ಎಂದು ಮಾರ್ಕನು ಬಹುವಚನದಲ್ಲಿ ಬರೆಯುತ್ತಾನೆ. ಮಲಗಿದ್ದವನು ಬಾಯಿ ಬಿಟ್ಟದ್ದೇ ಇಲ್ಲ.

ಒಬ್ಬರ ನಂಬಿಕೆ ಇನ್ನೊಬ್ಬರನ್ನು ಹೊತ್ತು ತರಬಲ್ಲದು ಎಂಬ ಈ ಅಂಶ ಸಭೆಯ ಆಚರಣೆಯಲ್ಲಿ ಆಳವಾಗಿ ಬೇರೂರಿದೆ. ಎಳೆಗೂಸಿಗೆ ದೀಕ್ಷಾಸ್ನಾನ ಕೊಡುವ ಸಭೆಗಳಲ್ಲಿ ಪ್ರಶ್ನೆಗಳಿಗೆ ಉತ್ತರಿಸುವವರು ತಂದೆತಾಯಿ, ಜ್ಞಾನತಂದೆ, ಜ್ಞಾನತಾಯಿ. ಇವುಗಳಲ್ಲಿ ಹಲವು ಸಭೆಗಳಲ್ಲಿ ಮಗು ಬೆಳೆದ ಮೇಲೆ ದೃಢೀಕರಣದ ದಿನ ಅದೇ ಉತ್ತರವನ್ನು ತಾನೇ ಹೇಳಬೇಕು. ಬ್ಯಾಪ್ಟಿಸ್ಟ್ ಮತ್ತು ಪೆಂತೆಕೊಸ್ತ್ ಸಭೆಗಳು ಇದನ್ನು ಒಪ್ಪುವುದಿಲ್ಲ. ತಿಳಿದು ನಂಬಿದವನಿಗಷ್ಟೇ ನೀರು ಎನ್ನುತ್ತವೆ. ನಂಬಿಕೆ ಒಬ್ಬೊಬ್ಬರ ನಿರ್ಧಾರವೋ ಒಂದು ಮನೆತನದ, ಸಭೆಯ ಆಸ್ತಿಯೋ ಎಂಬ ಭಿನ್ನಾಭಿಪ್ರಾಯ ಇದರ ಹಿಂದಿದೆ.

ಆರಂಭದ ಶತಮಾನಗಳಲ್ಲಿ ದೀಕ್ಷಾಸ್ನಾನ ಪಡೆಯುವವನು ನೀರಿನಲ್ಲಿ ನಿಂತಿರುವಾಗಲೇ ಮೂರು ಪ್ರಶ್ನೆ ಕೇಳುವ ಪದ್ಧತಿಯಿತ್ತು: ತಂದೆಯನ್ನು ನಂಬುತ್ತೀಯಾ, ಮಗನನ್ನು ನಂಬುತ್ತೀಯಾ, ಪವಿತ್ರಾತ್ಮನನ್ನು ನಂಬುತ್ತೀಯಾ. ಒಂದೊಂದು ಉತ್ತರಕ್ಕೂ ಒಂದು ಮುಳುಗು. ವಿಶ್ವಾಸ ಪ್ರಮಾಣಗಳು ಈ ಪ್ರಶ್ನೋತ್ತರದ ಆಸುಪಾಸಿನಲ್ಲಿ ಬೆಳೆದವು. 325ರಲ್ಲಿ ಈಗಿನ ಟರ್ಕಿಯಲ್ಲಿರುವ ನೈಸಿಯದಲ್ಲಿ ಕೂಡಿದ ಬಿಷಪ್ಪರು, ಮಗನು ತಂದೆಗಿಂತ ಕೆಳಗಿನ ಸೃಷ್ಟಿ ಎಂದ ಅರಿಯಸನ ವಾದವನ್ನು ತಳ್ಳಿ ಪ್ರಮಾಣವೊಂದನ್ನು ರೂಪಿಸಿದರು. ಇಂದು ಬಳಕೆಯಲ್ಲಿರುವ ಅದರ ವಿಸ್ತೃತ ರೂಪವನ್ನು 381ರ ಕಾನ್‌ಸ್ಟಾಂಟಿನೋಪಲ್ ಸಮ್ಮೇಳನಕ್ಕೆ ಸೇರಿಸುತ್ತಾರೆ. ಪ್ರಮಾಣದ ಮಾತುಗಳು ತತ್ತ್ವದ ಮಾತುಗಳಾದರೂ ಅದರ ಹಳೆಯ ಜಾಗ ನೀರಿನ ದಡ. ಒಬ್ಬರಿಗೆ ತನ್ನನ್ನು ಒಪ್ಪಿಸಿಕೊಳ್ಳುವ ಗಳಿಗೆ.

ಹಿಪ್ಪೋದ ಬಿಷಪ್ ಅಗಸ್ಟೀನ್ (354–430) ಇವೆರಡನ್ನು ಬಿಡಿಸಿ ತೋರಿಸಿದ: ನಂಬಲಾಗುವ ಸಂಗತಿಗಳು ಬೇರೆ, ಅವನ್ನು ನಂಬುವ ಮನಸ್ಸಿನೊಳಗಿನ ನಂಬಿಕೆ ಬೇರೆ. ಮೊದಲನೆಯದು ಎಲ್ಲರಿಗೂ ಒಂದೇ. ಎರಡನೆಯದು ಒಬ್ಬೊಬ್ಬರಲ್ಲಿ ಒಂದೊಂದು. ನಂಬಿಕೆಯ ಆರಂಭವೂ ದೇವರ ಕೃಪೆಯೇ ಹೊರತು ಮನುಷ್ಯನ ಸಾಧನೆಯಲ್ಲ ಎಂದೂ ಅವನು ಪಟ್ಟು ಹಿಡಿದ. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ನಂಬಿಕೆಯನ್ನು ಬುದ್ಧಿಯ ಒಪ್ಪಿಗೆ ಎಂದು ವಿವರಿಸಿದ. ಆದರೆ ಬುದ್ಧಿಯನ್ನು ಇಲ್ಲಿ ಒಪ್ಪಿಸುವುದು ಪುರಾವೆಯಲ್ಲ, ಕೃಪೆಯಿಂದ ಚಲಿಸಿದ ಸಂಕಲ್ಪ. ಅಭಿಪ್ರಾಯದಂತೆ ಅದು ಅಲುಗಾಡುವುದಿಲ್ಲ, ಕಣ್ಣಾರೆ ಕಂಡ ತಿಳಿವಿನಂತೆ ಸ್ಪಷ್ಟವೂ ಅಲ್ಲ. ಪ್ರೀತಿ ಸೇರಿದಾಗಲೇ ಅದಕ್ಕೆ ಜೀವ. ಅಕ್ವಿನಾಸನ ವಿವರಣೆ ಎಷ್ಟು ಅಚ್ಚುಕಟ್ಟೋ, ಅದನ್ನು ಕಲಿಸಿದವರ ಕೈಯಲ್ಲಿ ಅಷ್ಟೇ ಒಣಗುವ ಅಪಾಯವೂ ಇತ್ತು.

ಮಾರ್ಟಿನ್ ಲೂಥರ್ 1505ರಲ್ಲಿ ಎರ್ಫುರ್ಟಿನ ಅಗಸ್ಟೀನಿಯನ್ ಮಠ ಸೇರಿದ. ಉಪವಾಸ, ಜಾಗರಣೆ, ಚಳಿಯಲ್ಲಿ ಪ್ರಾರ್ಥನೆ ಯಾವುದರಲ್ಲೂ ಅವನು ಹಿಂದೆ ಬೀಳಲಿಲ್ಲ. ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದ, ಮುಗಿಸಿದ ಮೇಲೂ ಬಿಟ್ಟುಹೋದ ಪಾಪಗಳ ಚಿಂತೆ ಅವನನ್ನು ಬಿಡುತ್ತಿರಲಿಲ್ಲ. ಅವನ ಕಷ್ಟ ಸರಳವಾದದ್ದು: ಮಾಡಿದ್ದು ಸಾಕಾಯಿತು ಎಂದು ತಿಳಿಯುವುದು ಹೇಗೆ? ಬೈಬಲ್ ಪಾಠ ಹೇಳಲು ವಿಟೆನ್‌ಬರ್ಗಿಗೆ ಹೋಗಿ ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಓದುತ್ತ, ದೇವರ ನೀತಿ ಎಂಬುದು ದೇವರು ಮನುಷ್ಯನಿಂದ ವಸೂಲು ಮಾಡುವ ನೀತಿಯಲ್ಲ, ನಂಬಿದವನಿಗೆ ದಾನವಾಗಿ ಕೊಡುವ ನೀತಿ ಎಂದು ಅವನಿಗೆ ಹೊಳೆಯಿತು. ಪಾಪದ ಶಿಕ್ಷೆಯಿಂದ ಬಿಡುಗಡೆಯೆಂದು ಹಣಕ್ಕೆ ಮಾರುತ್ತಿದ್ದ ಕ್ಷಮಾಪತ್ರಗಳನ್ನು ಪ್ರಶ್ನಿಸಿ 1517ರ ಅಕ್ಟೋಬರ್ 31ರಂದು ಅವನು ಹೊರಡಿಸಿದ 95 ಪ್ರಮೇಯಗಳು ಯೂರೋಪನ್ನು ಅಲುಗಿಸಿದವು. ನಂಬಿಕೆಯೊಂದರಿಂದಲೇ ರಕ್ಷಣೆ ಎಂಬುದು ಮುಂದೆ ಅವನ ಪಕ್ಷದ ಘೋಷಣೆಯಾಯಿತು. ಯಾಕೋಬನ ಪತ್ರಿಕೆಯನ್ನು 1522ರಲ್ಲಿ ಅವನು ಹುಲ್ಲಿಗೆ ಹೋಲಿಸಿದ್ದು ಅವನ ಅಭಿಮಾನಿಗಳಿಗೂ ಸ್ವಲ್ಪ ಇರುಸುಮುರುಸು ತರುವ ಮಾತು.

ಲೂಥರನು ಸತ್ಕ್ರಿಯೆ ಬೇಡವೆಂದನೆಂಬುದು ಅನ್ಯಾಯದ ಆರೋಪ. 1520ರಲ್ಲಿ ಬರೆದ ‘ಕ್ರೈಸ್ತನ ಸ್ವಾತಂತ್ರ್ಯ’ ಎಂಬ ಕಿರುಹೊತ್ತಗೆಯಲ್ಲಿ, ನಂಬಿದವನು ಯಾರ ಅಡಿಯಾಳೂ ಅಲ್ಲ, ಆದರೆ ಪ್ರೀತಿಯಿಂದ ಎಲ್ಲರ ಆಳು ಎಂದು ವಾದಿಸುತ್ತಾನೆ. ಸ್ವರ್ಗ ಗಳಿಸುವ ಆತಂಕ ಹೋದ ಮೇಲೆ ಮಾತ್ರ ನೆರೆಯವನಿಗೆ ಮಾಡುವ ಉಪಕಾರ ನಿಜವಾಗಿ ನೆರೆಯವನಿಗಾಗಿ ಮಾಡಿದ್ದಾಗುತ್ತದೆ ಎಂಬುದು ಅವನ ತರ್ಕ. ನಂಬಿಕೆಯಲ್ಲಿ ತಿಳಿವು, ಒಪ್ಪಿಗೆ, ಭರವಸೆ ಎಂಬ ಮೂರು ಅಂಶಗಳನ್ನು ಪ್ರೊಟೆಸ್ಟಂಟ್ ಪಂಡಿತರು ಗುರುತಿಸಿದರು. ಕೊನೆಯದಿಲ್ಲದೆ ಮೊದಲೆರಡು ನಿಷ್ಪ್ರಯೋಜಕ ಎಂದರು. ಕ್ಯಾಥೊಲಿಕ್ ಸಭೆ ಟ್ರೆಂಟ್ ಸಮ್ಮೇಳನದಲ್ಲಿ, 1547ರ ಜನವರಿ 13ರ ನಿರ್ಣಯದಲ್ಲಿ ಉತ್ತರ ಕೊಟ್ಟಿತು. ನಂಬಿಕೆಯೇ ರಕ್ಷಣೆಯ ಆರಂಭ, ಬುಡ, ಬೇರು. ಆದರೆ ಭರವಸೆ, ಪ್ರೀತಿಗಳು ಕೂಡದೆ ಅದು ಮನುಷ್ಯನನ್ನು ಕ್ರಿಸ್ತನೊಂದಿಗೆ ಪೂರ್ತಿ ಬೆಸೆಯಲಾರದು ಎಂದಿತು. ಎರಡೂ ಪಕ್ಷ ಒಂದೇ ಪೌಲನನ್ನು ಸಾಕ್ಷಿಗೆ ಕರೆದು ಪರಸ್ಪರ ಶಾಪ ಹಾಕಿಕೊಂಡವು.

ಆ ಶಾಪಗಳನ್ನು ಹಿಂದಕ್ಕೆ ಸರಿಸಲು ನಾಲ್ಕೂವರೆ ಶತಮಾನ ಬೇಕಾಯಿತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕ್ಯಾಥೊಲಿಕ್ ಸಭೆಯೂ ಜಂಟಿ ಘೋಷಣೆಯೊಂದನ್ನು ದೃಢಪಡಿಸಿ ಸಹಿ ಮಾಡಿದವು. ಮನುಷ್ಯನ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ, ಕ್ರಿಸ್ತನಲ್ಲಿಟ್ಟ ನಂಬಿಕೆಯಲ್ಲಿ ದೇವರು ಮನುಷ್ಯನನ್ನು ಸ್ವೀಕರಿಸುತ್ತಾನೆ. ಪವಿತ್ರಾತ್ಮನು ಅವನನ್ನು ಸತ್ಕ್ರಿಯೆಗೆ ಸಜ್ಜುಗೊಳಿಸುತ್ತಾನೆ ಎಂಬುದು ಅದರ ತಿರುಳು. ಮೆಥೊಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳು 2017ರಲ್ಲಿ ಅದಕ್ಕೆ ಸೇರಿಕೊಂಡವು. ಕ್ಯಾಥೊಲಿಕ್ ಸಭೆಯ ಒಳಗೂ ಒತ್ತು ಬದಲಾಗಿತ್ತು. 1870ರ ಮೊದಲ ವ್ಯಾಟಿಕನ್ ಸಮ್ಮೇಳನ ದೇವರು ಪ್ರಕಟಿಸಿದ್ದನ್ನು ಸತ್ಯವೆಂದು ಒಪ್ಪುವುದಕ್ಕೆ ಮಹತ್ವ ಕೊಟ್ಟರೆ, 1965ರಲ್ಲಿ ಎರಡನೆಯ ವ್ಯಾಟಿಕನ್ ಸಮ್ಮೇಳನ ಮನುಷ್ಯ ತನ್ನನ್ನು ಇಡಿಯಾಗಿ ದೇವರಿಗೆ ಒಪ್ಪಿಸಿಕೊಳ್ಳುವುದನ್ನು ಮುಂದೆ ತಂದಿತು.

ಪಂಡಿತರ ಈ ಭೇದಗಳು ಒಂದು ಬದುಕಿನಲ್ಲಿ ಹೇಗೆ ಕಾಣುತ್ತವೆಂಬುದಕ್ಕೆ ಪಂಡಿತಾ ರಮಾಬಾಯಿಯವರಷ್ಟು ಸ್ಪಷ್ಟ ನಿದರ್ಶನ ಭಾರತದಲ್ಲಿ ಅಪರೂಪ. ಕಾರ್ಕಳದ ಬಳಿಯ ಮಾಳದ ಮನೆತನದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾದ ರಮಾಬಾಯಿ 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ತಂದೆ ಊರವರ ವಿರೋಧ ಕಟ್ಟಿಕೊಂಡಿದ್ದರು. ಆ ತಾಯಿಯಿಂದಲೇ ಮಗಳು ಸಂಸ್ಕೃತ ಕಲಿತರು. ಪುರಾಣ ಹೇಳುತ್ತ ತೀರ್ಥಯಾತ್ರೆಯಲ್ಲಿ ಅಲೆಯುತ್ತಿದ್ದ ಕುಟುಂಬ ಬರಗಾಲದಲ್ಲಿ ಚೂರಾಯಿತು. 1878ರಲ್ಲಿ ಕಲ್ಕತ್ತೆಯ ಪಂಡಿತರು ಅವರನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಮದುವೆಯಾದ ಎರಡೇ ವರ್ಷಕ್ಕೆ, 1882ರಲ್ಲಿ, ಗಂಡ ತೀರಿಕೊಂಡರು. ಮರುವರ್ಷ ಪುಟ್ಟ ಮಗಳೊಂದಿಗೆ ಇಂಗ್ಲೆಂಡಿಗೆ ಹೋಗಿ ವಾಂಟೇಜ್ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ದೀಕ್ಷಾಸ್ನಾನ ಪಡೆದರು.

ದೀಕ್ಷೆ ಪಡೆದರೂ ಅವರು ಬಾಯಿ ಮುಚ್ಚಿ ಕೂರುವ ಶಿಷ್ಯೆಯಾಗಲಿಲ್ಲ. ಅವರ ಹೊಣೆ ಹೊತ್ತಿದ್ದ ಸಿಸ್ಟರ್ ಜೆರಾಲ್ಡಿನ್ ಅವರೊಂದಿಗೆ ತ್ರಯೇಕತ್ವ, ಕ್ರಿಸ್ತನ ದೈವತ್ವ, ಸಭೆಯ ಅಧಿಕಾರ ಇವುಗಳ ಬಗ್ಗೆ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಒಂದು ಪುರೋಹಿತ ವರ್ಗದ ನೊಗದಿಂದ ಕಷ್ಟಪಟ್ಟು ಕತ್ತು ಬಿಡಿಸಿಕೊಂಡವಳು ಅಂಥದೇ ಇನ್ನೊಂದು ನೊಗಕ್ಕೆ ಕತ್ತು ಕೊಡಲಾರೆ ಎಂಬ ಅರ್ಥದ ಅವರ ಮಾತು ಆ ಪತ್ರಗಳಲ್ಲಿದೆ. ಮಠದವರಿಗೆ ಇದು ಅಹಂಕಾರವಾಗಿ ಕಂಡಿತು. ಶಾಸ್ತ್ರಗಳ ನಡುವೆ ಬೆಳೆದ ರಮಾಬಾಯಿಯವರಿಗೆ ಮಾತ್ರ, ಪರೀಕ್ಷಿಸದೆ ಒಪ್ಪಿದ್ದು ನಂಬಿಕೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ.

1907ರಲ್ಲಿ ಬರೆದ ಆತ್ಮವೃತ್ತಾಂತದಲ್ಲಿ ರಮಾಬಾಯಿ ಅಚ್ಚರಿಯ ಮಾತೊಂದನ್ನು ಹೇಳುತ್ತಾರೆ. ದೀಕ್ಷಾಸ್ನಾನವಾಗಿ ಎಂಟು ವರ್ಷಗಳಾದ ಮೇಲೆ ಅವರಿಗೆ, ತಮಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂದು ಅರಿವಾಯಿತಂತೆ. ಸಿದ್ಧಾಂತಗಳನ್ನು ಓದಿ, ತೂಗಿ, ಒಪ್ಪಿದ್ದರು. ಭಾರ ಮಾತ್ರ ಇನ್ನೂ ತಮ್ಮ ಹೆಗಲ ಮೇಲೆಯೇ ಇತ್ತು. ತಿಳಿವು, ಒಪ್ಪಿಗೆ, ಭರವಸೆ ಎಂದು ಪಂಡಿತರು ವಿಂಗಡಿಸಿದ ಮೂರರಲ್ಲಿ ಕೊನೆಯದು ಬಾಕಿಯಿತ್ತು ಎನ್ನಬಹುದು. ಆ ಅರಿವಿನ ಫಲ ಹಣಕಾಸಿನ ಲೆಕ್ಕದಲ್ಲೂ ಕಾಣಿಸಿತು. ಬಾಲವಿಧವೆಯರಿಗಾಗಿ ಅವರು 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನಕ್ಕೆ ಅಮೆರಿಕದ ಸಂಘವೊಂದು ಹತ್ತು ವರ್ಷದ ನೆರವಿನ ಭರವಸೆ ಕೊಟ್ಟಿತ್ತು. ಆ ಅವಧಿ ಮುಗಿಯುವ ಹೊತ್ತಿಗೆ 1896–97ರ ಬರ ಬಂತು. ಯಾರ ವಾಗ್ದಾನವೂ ಕೈಯಲ್ಲಿಲ್ಲದೆ ಅವರು ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹುಡುಗಿಯರನ್ನು, ವಿಧವೆಯರನ್ನು ಕರೆತಂದರು. ಪುಣೆ ಜಿಲ್ಲೆಯ ಕೆಡಗಾವಿನಲ್ಲಿ ಮುಕ್ತಿ ಸದನ ಬೆಳೆಯಿತು. ಹೀಬ್ರೂ, ಗ್ರೀಕ್ ಕಲಿತು ಬೈಬಲ್ಲನ್ನು ಸರಳ ಮರಾಠಿಗೆ ತಂದರು, ಅಲ್ಲಿನ ಹೆಣ್ಣುಮಕ್ಕಳೇ ಅಚ್ಚುಮೊಳೆ ಜೋಡಿಸಿದರು. ನಂಬಿಕೆ ಮೊದಲೋ ಕ್ರಿಯೆ ಮೊದಲೋ ಎಂದು ಅವರ ಬದುಕನ್ನು ಕೇಳಿದರೆ ಉತ್ತರ ಸುಲಭವಾಗಿ ಸಿಗುವುದಿಲ್ಲ.

ನಂಬಿಕೆಗೆ ತೆರಬೇಕಾದ ಬೆಲೆಯ ಪ್ರಶ್ನೆ ಕನ್ನಡ ಕರಾವಳಿಯಲ್ಲಿ ಇನ್ನೊಂದು ರೂಪದಲ್ಲಿ ಎದ್ದಿತು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಾಗ ಅವರು ತಂದದ್ದು ದಕ್ಷಿಣ ಜರ್ಮನಿಯ ಭಕ್ತಿಪಂಥದ ನಂಬಿಕೆ: ಸಿದ್ಧಾಂತಕ್ಕಿಂತ ಹೃದಯ ಪರಿವರ್ತನೆ, ಅದಕ್ಕೆ ಸಾಕ್ಷಿಯಾಗಿ ಶಿಸ್ತಿನ ದಿನಚರಿ. ದೀಕ್ಷಾಸ್ನಾನ ಪಡೆದವನು ಹಲವು ಬಾರಿ ಮನೆ, ಗೇಣಿ ಭೂಮಿ, ಕುಲಕಸುಬು ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದ. ಮಗ್ಗಗಳು, ಮುದ್ರಣಾಲಯ, 1865ರಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ ಇವು ಆ ಸಮಸ್ಯೆಗೆ ಹುಡುಕಿದ ದಾರಿಗಳೂ ಆಗಿದ್ದವು. ಅನ್ನ ಕೊಡುವವರೂ ಉಪದೇಶ ಮಾಡುವವರೂ ಒಬ್ಬರೇ ಆದಾಗ ನಂಬಿಕೆ ಎಷ್ಟು, ಅನ್ನದ ಆಸೆ ಎಷ್ಟು ಎಂಬ ಅನುಮಾನ ಹೊರಗಿನವರಲ್ಲಿ ಮಾತ್ರವಲ್ಲ, ಮಿಷನರಿಗಳಲ್ಲೂ ಇತ್ತು. ದೀಕ್ಷೆಗೆ ಮುನ್ನ ಪಾಠ ಕಲಿಸಿ ಕಾಯಿಸುತ್ತಿದ್ದರು. ಇನ್ನೊಬ್ಬರ ಎದೆಯೊಳಗಿನದನ್ನು ಅಳೆಯುವ ತಕ್ಕಡಿ ಅವರಲ್ಲೂ ಇರಲಿಲ್ಲ. ಕಳೆದುಕೊಂಡದ್ದನ್ನು ಬಿಟ್ಟು ಪಡೆದುಕೊಂಡದ್ದನ್ನಷ್ಟೇ ಎಣಿಸುವ ವಿಮರ್ಶೆ ಮಾತ್ರ ಅರ್ಧ ಲೆಕ್ಕದ್ದು.

ಸಂಶಯ ನಂಬಿಕೆಯ ಶತ್ರುವೋ ಎಂಬುದರಲ್ಲೂ ಒಮ್ಮತವಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಕಾಯಿಲೆಯ ಹುಡುಗನ ತಂದೆ ನಂಬುತ್ತೇನೆಂದು ಹೇಳಿದ ಉಸಿರಿನಲ್ಲೇ ತನ್ನ ಅಪನಂಬಿಕೆಗೆ ಸಹಾಯ ಬೇಡುತ್ತಾನೆ, ಮಗ ಗುಣವಾಗುತ್ತಾನೆ. ಗಾಯದ ಗುರುತಿನಲ್ಲಿ ಬೆರಳಿಡದೆ ನಂಬೆನೆಂದ ತೋಮನನ್ನೇ ಕೇರಳದ ಪ್ರಾಚೀನ ಕ್ರೈಸ್ತರು ತಮ್ಮ ಮೂಲ ಅಪೊಸ್ತಲನೆಂದು ಎಣಿಸುತ್ತಾರೆ. ಅವನ ಸಮಾಧಿ ಮೈಲಾಪುರದಲ್ಲಿದೆ ಎಂಬುದು ಪರಂಪರೆ. ಮದರ್ ತೆರೇಸಾ ತಮ್ಮ ಆತ್ಮಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಹಲವರು ಬೆಚ್ಚಿದರು. ದಶಕಗಳ ಕಾಲ ಪ್ರಾರ್ಥನೆಯಲ್ಲಿ ಅವರಿಗೆ ದೇವರ ಸಾನ್ನಿಧ್ಯ ಅನುಭವಕ್ಕೆ ಬರುತ್ತಿರಲಿಲ್ಲ, ಬರಿ ಕತ್ತಲೆ. ಆದರೂ ಪ್ರಾರ್ಥನೆ ಬಿಡಲಿಲ್ಲ, ಕೊಳೆಗೇರಿಯ ಕೆಲಸ ನಿಲ್ಲಲಿಲ್ಲ. ಸಭೆ 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿತು. ನಂಬಿಕೆಯನ್ನು ಒಂದು ಬೆಚ್ಚನೆಯ ಭಾವನೆ ಎಂದು ತಿಳಿದವರಿಗೆ ಈ ಪತ್ರಗಳು ಕಷ್ಟದ ಓದು. ಅದನ್ನು ನಿಷ್ಠೆ ಎಂದು ಬಲ್ಲವರಿಗೆ ಅಷ್ಟು ಕಷ್ಟವಲ್ಲ.

ಇತ್ತೀಚಿನ ದಶಕಗಳಲ್ಲಿ ಅಮೆರಿಕದಿಂದ ಹರಡಿ ಭಾರತದ ಕೆಲವು ಸಭೆಗಳಿಗೂ ಬಂದಿರುವ ಸಮೃದ್ಧಿಯ ಬೋಧನೆ ನಂಬಿಕೆಯನ್ನು ಇದಕ್ಕೆ ತದ್ವಿರುದ್ಧವಾದ ದಿಕ್ಕಿಗೆ ಒಯ್ದಿದೆ. ಸಾಕಷ್ಟು ನಂಬಿದರೆ ರೋಗ ಹೋಗುತ್ತದೆ, ಸಾಲ ತೀರುತ್ತದೆ, ಮನೆ ಕಟ್ಟಬಹುದು ಎಂಬುದು ಅದರ ಸಾರ. ಇಲ್ಲಿ ನಂಬಿಕೆ ದೇವರಿಂದ ಕೆಲಸ ಮಾಡಿಸಿಕೊಳ್ಳುವ ಸಾಧನ. ರೋಗ ಹೋಗದಿದ್ದಾಗ ತಪ್ಪು ರೋಗಿಯ ತಲೆಗೆ ಬರುತ್ತದೆ: ನಂಬಿಕೆ ಸಾಲಲಿಲ್ಲ. ಮಲಗಿದವನಿಗೆ ಕಾಯಿಲೆಯ ಜೊತೆಗೆ ಅಪರಾಧದ ಭಾರವನ್ನೂ ಹೊರಿಸುವ ಈ ಬೋಧನೆ ಕಪೆರ್ನೌಮಿನ ಆ ನಾಲ್ವರನ್ನು ಮರೆತಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯವನ್ನು ಅದು ಅರ್ಧಕ್ಕೇ ನಿಲ್ಲಿಸುತ್ತದೆ ಎಂದರೂ ತಪ್ಪಿಲ್ಲ. ನಂಬಿಕೆಯಿಂದ ರಾಜ್ಯ ಗೆದ್ದವರ, ಸಿಂಹದ ಬಾಯಿ ಕಟ್ಟಿದವರ ಪಟ್ಟಿಯಾದ ಮೇಲೆ ಅದೇ ಅಧ್ಯಾಯದಲ್ಲಿ ಕಲ್ಲೇಟು ತಿಂದವರು, ಗರಗಸದಿಂದ ಕೊಯ್ಯಲ್ಪಟ್ಟವರು, ಆಡುಕುರಿಗಳ ಚರ್ಮ ಹೊದ್ದು ಗುಹೆಗಳಲ್ಲಿ ಅಲೆದವರು ಬರುತ್ತಾರೆ. ಅವರ ನಂಬಿಕೆಗೂ ಅಷ್ಟೇ ಒಳ್ಳೆಯ ಸಾಕ್ಷಿಯಿದೆ. ವಾಗ್ದಾನ ಮಾಡಿದ್ದು ಮಾತ್ರ ಅವರ ಕಾಲದಲ್ಲಿ ಕೈಗೂಡಲಿಲ್ಲ ಎಂದು ಪತ್ರಿಕೆ ನೇರವಾಗಿ ಬರೆದಿದೆ. ಪೌಲನಿಗೂ ಶರೀರದಲ್ಲಿ ಮುಳ್ಳಿನಂಥ ಬಾಧೆಯೊಂದು ಇತ್ತು. ಅದನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿಕೊಂಡ. ಅವನಿಗೆ ಸಿಕ್ಕ ಉತ್ತರ, ಕೃಪೆ ಸಾಕು ಎಂಬುದು. ನಂಬಿಕೆಯ ಬಗ್ಗೆ ಹೊಸ ಒಡಂಬಡಿಕೆಯಲ್ಲಿ ಎಲ್ಲರಿಗಿಂತ ಹೆಚ್ಚು ಬರೆದವನು ಆ ಬಾಧೆಯನ್ನು ಇಟ್ಟುಕೊಂಡೇ ಊರೂರು ತಿರುಗಿದ.